ಯಾರಾ ನದಿಗೆ ಬ್ಲೂಸ್ ಹಾಡಿದ ಜಾರ್ಜಿಯಾ ಲೀ

ಮೆಲ್ಬರ್ನ್‌ನಲ್ಲಿ ಬೆಳೆದವರಿಗೆ ಯಾರಾ ನದಿ ಹೊಸದಲ್ಲ. ಶಾಲೆಯಿಂದ ಪಿಕ್‌ನಿಕ್ ಹೋಗಿರುತ್ತೀರಿ, ದಡದ ಮೇಲೆ ಸೈಕಲ್ ಹೊಡೆದಿರುತ್ತೀರಿ. ಆ ನದಿಯ ಹೆಸರಿನಲ್ಲೇ ಒಂದು ಬ್ಲೂಸ್ ಹಾಡಿದೆ ಎಂದು ಕೇಳಿದ್ದೀರಾ? ಅದು ‘ಯಾರಾ ರಿವರ್ ಬ್ಲೂಸ್’. 1962ರಲ್ಲಿ ಮೆಲ್ಬರ್ನ್‌ನ ಕ್ರೆಸ್ಟ್ ಕಂಪನಿ ಹೊರತಂದ ಒಂದು ಎಲ್‌ಪಿಯಲ್ಲಿ ಅದು ಇದೆ. ಹಾಡಿದವರು ಜಾರ್ಜಿಯಾ ಲೀ. ಇವತ್ತಿನ ಮಾತು ಅವರ ಬಗ್ಗೆ.

ಕನ್ನಡ ರೇಡಿಯೊಕ್ಕೂ ಬ್ಲೂಸ್‌ಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಎರಡು ಬಗೆಯದು. ನಾವು ಬಾಳುತ್ತಿರುವ ಈ ನೆಲದಲ್ಲಿ ನಮಗಿಂತ ಮೊದಲು ಬಿಳಿಯರಲ್ಲದವರು ಹೇಗೆ ಹಾಡಿದರು, ಅವರಿಗೆ ಎಲ್ಲೆಲ್ಲಿ ಬಾಗಿಲು ಮುಚ್ಚಿತ್ತು ಎನ್ನುವುದು ನಮಗೂ ಸೇರಿದ ಚರಿತ್ರೆ, ಇದು ಒಂದು. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಹಾಡಿಗೂ ಬ್ಲೂಸ್‌ಗೂ ಹತ್ತಿರದ ನಂಟಿದೆ, ಇದು ಎರಡನೆಯದು. ಎರಡನ್ನೂ ನೋಡೋಣ.

ಮೊದಲು ಬ್ಲೂಸ್ ಅಂದರೇನು ಅನ್ನುವುದನ್ನು ತಿಳಿದುಕೊಳ್ಳೋಣ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು ಹತ್ತಿ ಹೊಲದಲ್ಲಿ, ರೈಲು ಹಳಿ ಹಾಕುವ ಕಡೆ, ಜೈಲಿನಲ್ಲಿ ಹಾಡಿಕೊಂಡ ಕೆಲಸದ ಹಾಡುಗಳು, ಚರ್ಚಿನ ಭಜನೆಗಳು ಸೇರಿ 19ನೇ ಶತಮಾನದ ಕೊನೆಯ ಹೊತ್ತಿಗೆ ಈ ರೂಪ ಬಂತು. 1912ರಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ‘ಮೆಂಫಿಸ್ ಬ್ಲೂಸ್’ ಎಂಬ ರಚನೆಯನ್ನು ಅಚ್ಚು ಹಾಕಿಸಿದರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ರೆಕಾರ್ಡ್ ಬಂದು ತುಂಬ ಮಾರಾಟವಾಯಿತು. ಆಮೇಲೆ ರೆಕಾರ್ಡ್ ಕಂಪನಿಗಳು ಬ್ಲೂಸ್ ಹಾಡುವವರನ್ನು ಹುಡುಕಿಕೊಂಡು ಹೊರಟವು.

ನಿಮ್ಮಲ್ಲಿ ಅನೇಕರು ಶನಿವಾರ ಬೆಳಿಗ್ಗೆ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ ಬಂದವರು. ನಿಮಗೆ ಬ್ಲೂಸ್ ಕಟ್ಟಡ ಬೇಗ ಅರ್ಥವಾಗುತ್ತದೆ. ಸಾಮಾನ್ಯ ಬ್ಲೂಸ್‌ನಲ್ಲಿ ಒಂದು ಸುತ್ತಿಗೆ 12 ಬಾರ್, ಬಾರ್‌ಗೆ 4 ಏಟು, ಒಟ್ಟು 48 ಏಟು. ಅದರೊಳಗೆ ಸ್ವರಮೇಳ ಮೂರೇ ಮನೆಗಳಲ್ಲಿ ಓಡಾಡುತ್ತದೆ: ಷಡ್ಜ, ಮಧ್ಯಮ, ಪಂಚಮ. ಮೊದಲ ನಾಲ್ಕು ಬಾರ್ ಷಡ್ಜದಲ್ಲಿ, ಮುಂದಿನ ಎರಡು ಮಧ್ಯಮದಲ್ಲಿ, ಮತ್ತೆ ಎರಡು ಷಡ್ಜದಲ್ಲಿ. ಆಮೇಲೆ ಪಂಚಮಕ್ಕೆ ಏರಿ, ಮಧ್ಯಮಕ್ಕೆ ಇಳಿದು, ಮನೆಗೆ ಮರಳುವುದು. ಹಾಡಿನ ಸಾಲು ಮೂರು. ಮೊದಲ ಸಾಲನ್ನು ಎರಡು ಸಲ ಹಾಡುತ್ತಾರೆ, ಮೂರನೆಯದು ಅದಕ್ಕೆ ಉತ್ತರ ಕೊಡುತ್ತದೆ. ಇನ್ನು ‘ಬ್ಲೂ ನೋಟ್’ ಎನ್ನುತ್ತಾರಲ್ಲ, ಅದನ್ನು ಪಿಯಾನೊ ಮನೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಗಂಟಲು ನಿಂತು ಅಲುಗುತ್ತದೆ. ಗಮಕ ಕಲಿತ ಕಿವಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಇನ್ನು ಈ ಹಾಡು ಆಸ್ಟ್ರೇಲಿಯಾಕ್ಕೆ ಹೇಗೆ ಬಂತು ಎಂಬ ಪ್ರಶ್ನೆ. ಬ್ಲೂಸ್ ಎಂಬ ಹೆಸರು ಹುಟ್ಟುವ ಮೊದಲೇ ಅದರ ಅಕ್ಕ ಇಲ್ಲಿಗೆ ಬಂದಿದ್ದಳು. 1886ರಿಂದ 1889ರವರೆಗೆ ಫಿಸ್ಕ್ ಜುಬಿಲಿ ಸಿಂಗರ್ಸ್ ಎಂಬ ಆಫ್ರಿಕನ್ ಅಮೆರಿಕನ್ ತಂಡ ಈ ಖಂಡದಲ್ಲಿ ಪ್ರವಾಸ ಮಾಡಿತು. ಗುಲಾಮಗಿರಿಯ ಕಾಲದ ಭಕ್ತಿಗೀತೆಗಳನ್ನು ಹಾಡುತ್ತಿದ್ದ ತಂಡ ಅದು. 1886ರಲ್ಲಿ ಅವರು ಮರ್ರೆ ನದಿಯ ದಡದ ಮಲೋಗಾ ಮಿಷನ್‌ಗೆ ಹೋಗಿ ಅಲ್ಲಿನ ಯೋರ್ಟಾ ಯೋರ್ಟಾ ಜನರ ಮುಂದೆ ಹಾಡಿದರು. ಆ ಹಾಡುಗಳಲ್ಲಿ ಒಂದು ಯೋರ್ಟಾ ಯೋರ್ಟಾ ಭಾಷೆಗೆ ಇಳಿದು, ತಲೆಮಾರಿನಿಂದ ತಲೆಮಾರಿಗೆ ದಾಟಿ, 2012ರ ‘ದ ಸಫೈರ್ಸ್’ ಸಿನಿಮಾದಲ್ಲೂ ಬಂತು. ಆ ಹಾಡು ಭಾಷೆ ದಾಟಿದ ಕೆಲಸದಲ್ಲಿ ಥಾಮಸ್ ಶಾಡ್ರಾಕ್ ಜೇಮ್ಸ್ ಎಂಬ ಶಾಲಾ ಮಾಸ್ತರರ ಕೈ ಇತ್ತೆಂದು ಹೇಳುತ್ತಾರೆ. ಈ ಮಾಸ್ತರರು 1859ರಲ್ಲಿ ಮಾರಿಷಸ್‌ನಲ್ಲಿ ಹುಟ್ಟಿದವರು, ಭಾರತೀಯ ಮೂಲದವರು. ಮಲೋಗಾದಲ್ಲೂ ಆಮೇಲೆ ಕಮ್ಮರಗುಂಜದಲ್ಲೂ ಅವರ ಕೈಯಲ್ಲಿ ಓದು ಬರಹ ಕಲಿತ ಮಕ್ಕಳು ಮುಂದೆ ಅಬೊರಿಜಿನಲ್ ಹಕ್ಕುಗಳ ಹೋರಾಟದ ನಾಯಕರಾದರು. ಡಗ್ ನಿಕಲ್ಸ್ ಅವರಲ್ಲೊಬ್ಬರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಆ ತಂಡಕ್ಕೆ ಸಿಕ್ಕ ಸ್ವಾಗತ ಮುಂದೆ ಬಂದವರಿಗೆ ಸಿಗಲಿಲ್ಲ. 1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶವಾದಾಗ ಅದರ ಪಾರ್ಲಿಮೆಂಟು ಮಾಡಿದ ಮೊದಮೊದಲ ಕಾನೂನುಗಳಲ್ಲಿ ವಲಸೆ ನಿರ್ಬಂಧ ಕಾಯ್ದೆಯೂ ಒಂದು. ಬಿಳಿಯರಲ್ಲದವರನ್ನು ಹೊರಗಿಡುವುದು ಅದರ ಉದ್ದೇಶ. 1928ರಲ್ಲಿ ಲಾಸ್ ಏಂಜಲೀಸ್‌ನಿಂದ ಸಾನಿ ಕ್ಲೇ ಎಂಬ ಪಿಯಾನೊ ವಾದಕನ ಜಾಝ್ ತಂಡ ತಾತ್ಕಾಲಿಕ ಅನುಮತಿಯ ಮೇಲೆ ಸಿಡ್ನಿಗೂ ಮೆಲ್ಬರ್ನ್‌ಗೂ ಬಂತು. ಮುಂದೆ ಡ್ಯೂಕ್ ಎಲಿಂಗ್ಟನ್ ಜೊತೆ ಹಾಡಿ ಹೆಸರಾದ ಐವಿ ಆ್ಯಂಡರ್ಸನ್ ಕೂಡ ಅದರಲ್ಲಿದ್ದರು. ಜನ ಮುಗಿಬಿದ್ದು ಕೇಳಿದರು. ಆದರೆ ಪೊಲೀಸರು ಈಸ್ಟ್ ಮೆಲ್ಬರ್ನ್‌ನ ಒಂದು ಫ್ಲ್ಯಾಟಿಗೆ ನುಗ್ಗಿ, ತಂಡದ ಕೆಲವರು ಬಿಳಿಯ ಹೆಂಗಸರ ಜೊತೆಯಲ್ಲಿದ್ದರು ಎಂದು ದೊಡ್ಡ ಗದ್ದಲ ಮಾಡಿದರು. ಪತ್ರಿಕೆಗಳು ಅದನ್ನು ಇನ್ನಷ್ಟು ಊದಿದವು. ತಂಡವನ್ನು ಹಡಗು ಹತ್ತಿಸಿ ಕಳಿಸಲಾಯಿತು. ಆಮೇಲೆ ಸುಮಾರು ಕಾಲು ಶತಮಾನ ಕಪ್ಪು ವರ್ಣದ ಅಮೆರಿಕನ್ ಜಾಝ್ ತಂಡಗಳಿಗೆ ಈ ದೇಶದ ಬಾಗಿಲು ಮುಚ್ಚಿದ ಹಾಗೆಯೇ ಇತ್ತು. 1954ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಅದೇ ಬಿಳಿ ಆಸ್ಟ್ರೇಲಿಯಾ ನೀತಿ ಭಾರತೀಯರನ್ನೂ ಹೊರಗಿಟ್ಟಿತ್ತು ಎಂಬುದನ್ನು ಮರೆಯಬೇಡಿ. 1966ರಿಂದ ಅದು ಸಡಿಲವಾಗುತ್ತ ಬಂದು 1973ರಲ್ಲಿ ಕೊನೆಗೊಂಡಿತು. ನಿಮ್ಮ ಅಪ್ಪ ಅಮ್ಮ ಸೂಟ್‌ಕೇಸ್ ಹಿಡಿದು ಇಲ್ಲಿಗೆ ಬಂದದ್ದು ಆಮೇಲೆ ತೆರೆದ ಬಾಗಿಲಿನಿಂದ.

ಹೊರಗಿನಿಂದ ಯಾರೂ ಬರದಂತೆ ತಡೆದರೂ ಹಾಡು ಒಳಗೇ ಬೆಳೆಯಿತು. ಅದೇ ನಮ್ಮ ಕಥೆ.

1921ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್‌ನಲ್ಲಿ ಡಲ್ಸಿ ರಾಮಾ ಪಿಟ್ ಎಂಬ ಹೆಣ್ಣುಮಗು ಹುಟ್ಟಿತು. ಅಪ್ಪನ ಕಡೆ ಟಾರೆಸ್ ಜಲಸಂಧಿಯ ದ್ವೀಪದವರು. ಅಪ್ಪನ ಅಪ್ಪ ಜಮೈಕಾದಿಂದ ಬಂದ ಕಡಲಿಗ. ತಾಯಿಯ ಕಡೆ ಅಬೊರಿಜಿನಲ್ ಮತ್ತು ಸ್ಕಾಟಿಷ್ ರಕ್ತ. ಮುತ್ತಿನ ಚಿಪ್ಪು ತೆಗೆಯುವ ಉದ್ಯಮದಿಂದಾಗಿ ಆ ಕಾಲದ ಉತ್ತರ ತೀರದಲ್ಲಿ ಮಲಯರು, ಜಪಾನೀಯರು, ಫಿಲಿಪೀನರು, ಸಿಂಹಳೀಯರು, ದ್ವೀಪದವರು ಒಟ್ಟಿಗೆ ಬಾಳುತ್ತಿದ್ದರು. ಕಾಗದದ ಮೇಲೆ ‘ಬಿಳಿ ಆಸ್ಟ್ರೇಲಿಯಾ’ ಇದ್ದಾಗಲೂ ಕೇರ್ನ್ಸ್‌ನ ಬೀದಿಗಳು ಬಿಳಿಯಾಗಿರಲಿಲ್ಲ. ಇಂಥ ಕಡೆ ಮನೆಯೆಲ್ಲ ಹಾಡುತ್ತಿದ್ದ ಕುಟುಂಬದಲ್ಲಿ ಡಲ್ಸಿ ಬೆಳೆದರು.

ಎರಡನೇ ಮಹಾಯುದ್ಧ ಬಂತು. ಉತ್ತರ ಕ್ವೀನ್ಸ್‌ಲ್ಯಾಂಡ್ ಸೈನಿಕರಿಂದ ತುಂಬಿತು. ಡಲ್ಸಿ, ಸೋದರಿಯರಾದ ಸೋಫಿ ಮತ್ತು ಹೆದರ್ ‘ಹಾರ್ಮನಿ ಸಿಸ್ಟರ್ಸ್’ ಎಂಬ ಹೆಸರಿನಲ್ಲಿ, ಸೋದರ ವಾಲಿಯ ಜೊತೆಗೂಡಿ ಸೈನಿಕರ ಮುಂದೆ ಹಾಡತೊಡಗಿದರು. ಅಮೆರಿಕದ ಸೇನೆಯಲ್ಲಿ ಸಾವಿರಾರು ಆಫ್ರಿಕನ್ ಅಮೆರಿಕನ್ನರಿದ್ದರು. ಅವರನ್ನು ಬೇರೆ ತುಕಡಿಗಳಲ್ಲಿ, ಬೇರೆ ಕ್ಯಾಂಪುಗಳಲ್ಲಿ, ಬೇರೆ ಕ್ಲಬ್‌ಗಳಲ್ಲಿ ಇಡುತ್ತಿದ್ದರು. ಸಿಡ್ನಿಯ ಸರ್ರಿ ಹಿಲ್ಸ್‌ನಲ್ಲಿ ಅವರಿಗೆಂದೇ ಬುಕರ್ ಟಿ. ವಾಷಿಂಗ್ಟನ್ ಕ್ಲಬ್ ಇತ್ತು. ಬಿಳಿಯರ ಡ್ಯಾನ್ಸ್ ಹಾಲ್‌ಗಳಲ್ಲಿ ಜಾಗವಿಲ್ಲದ ಅಬೊರಿಜಿನಲ್ ಹುಡುಗಿಯರು ಅಲ್ಲಿಗೆ ಹೋಗುತ್ತಿದ್ದರು. ವಲಸೆ ಕಾನೂನು ತಡೆದಿದ್ದ ಸಂಗೀತ ಸೇನೆಯ ಸಮವಸ್ತ್ರ ಹಾಕಿಕೊಂಡು ದೇಶದೊಳಗೆ ಬಂದಿತ್ತು.

ಯುದ್ಧದ ಕೊನೆಯ ವರ್ಷಗಳಲ್ಲಿ ಡಲ್ಸಿ ದಕ್ಷಿಣಕ್ಕೆ, ಸಿಡ್ನಿಗೆ ಬಂದರು. ನೈಟ್‌ಕ್ಲಬ್‌ಗಳಲ್ಲಿ, ಜಾಝ್ ತಂಡಗಳೊಂದಿಗೆ ಹಾಡಿದರು. ಅಲ್ಲಿಂದ ಮೆಲ್ಬರ್ನ್. ಗ್ರೇಮ್ ಬೆಲ್, ಬ್ರೂಸ್ ಕ್ಲಾರ್ಕ್‌ರಂಥ ಹೆಸರಾಂತ ಜಾಝ್ ವಾದಕರ ಜೊತೆ ಹಾಡಿದ್ದು ಇಲ್ಲಿ. ಈ ಹೊತ್ತಿಗೆ ಡಲ್ಸಿ ಪಿಟ್ ಎಂಬ ಹೆಸರು ಹಿಂದೆ ಸರಿದು ಜಾರ್ಜಿಯಾ ಲೀ ಎಂಬ ಹೆಸರು ಪೋಸ್ಟರ್ ಮೇಲೆ ಬಂದಿತ್ತು.

ಈ ಹೆಸರಿನ ಮಾತು ನಿಮಗೆ ಹತ್ತಿರದ್ದು ಅನ್ನಿಸುತ್ತದೆ. ಜಾರ್ಜಿಯಾ ಅಮೆರಿಕದ ದಕ್ಷಿಣದ ಒಂದು ರಾಜ್ಯ. ಹೆಸರು ಕೇಳಿದವರಿಗೆ ಹಾಡುವವರು ಅಲ್ಲಿಂದ ಬಂದವರು ಅನ್ನಿಸಬೇಕು. ಬ್ಲೂಸ್ ಹಾಡುವವರು ಕೇರ್ನ್ಸ್‌ನವರು ಅನ್ನುವುದಕ್ಕಿಂತ ಅಮೆರಿಕದವರು ಅನ್ನುವುದು ಆ ಕಾಲದ ಪ್ರೇಕ್ಷಕರಿಗೆ ಸುಲಭ. ನಿಮ್ಮಲ್ಲಿ ಎಷ್ಟು ಜನ ಶಾಲೆಯ ಮೊದಲ ದಿನ ಟೀಚರ್ ಹಾಜರಿ ಪುಸ್ತಕ ಹಿಡಿದು ತಡವರಿಸಿದಾಗ ನಿಮ್ಮ ಹೆಸರನ್ನು ಎರಡಕ್ಷರಕ್ಕೆ ಇಳಿಸಿದ್ದೀರಿ? ಅದರಲ್ಲಿ ತಪ್ಪಿಲ್ಲ. ರಂಗದ ಹೆಸರು ಇಟ್ಟುಕೊಳ್ಳುವುದು ಕಲಾವಿದರ ಹಕ್ಕು, ನಮ್ಮ ಡಾ. ರಾಜ್‌ಕುಮಾರ್ ಕೂಡ ಹುಟ್ಟಿದಾಗ ಮುತ್ತುರಾಜ್. ಆದರೆ ಹೆಸರು ಬದಲಾದಾಗ ಊರೂ ಮರೆಯಾಗುವ ಅಪಾಯ ಇದ್ದೇ ಇರುತ್ತದೆ. ಜಾರ್ಜಿಯಾ ಲೀ ತಮ್ಮ ಊರು, ತಮ್ಮ ಜನ ಯಾರು ಎಂಬುದನ್ನು ಬಿಟ್ಟುಕೊಡಲಿಲ್ಲ. ಅದು ಕಾಣುವುದು 1951ರಲ್ಲಿ.

ಆ ವರ್ಷ ಆಸ್ಟ್ರೇಲಿಯಾ ಒಕ್ಕೂಟಕ್ಕೆ 50 ವರ್ಷ. ಎಲ್ಲೆಡೆ ಸಂಭ್ರಮ. ಆ ಸಂಭ್ರಮದಲ್ಲಿ ಈ ನೆಲದ ಮೂಲನಿವಾಸಿಗಳಿಗೆ ಜಾಗ ಇಟ್ಟಿರಲಿಲ್ಲ. ಆಸ್ಟ್ರೇಲಿಯನ್ ಅಬೊರಿಜಿನೀಸ್ ಲೀಗ್ ಇದನ್ನು ಪ್ರತಿಭಟಿಸಿತು. ಅದರ ಮುಂದಾಳುಗಳು ಬಿಲ್ ಓನಸ್ ಮತ್ತು ಆಗಲೇ ಹೇಳಿದ ಡಗ್ ನಿಕಲ್ಸ್. ಪ್ರತಿಭಟನೆಯ ಫಲವಾಗಿ ಮೆಲ್ಬರ್ನ್‌ನ ಪ್ರಿನ್ಸೆಸ್ ಥಿಯೇಟರಿನಲ್ಲಿ ‘ಔಟ್ ಆಫ್ ದ ಡಾರ್ಕ್: ಆ್ಯನ್ ಅಬೊರಿಜಿನಲ್ ಮೂಂಬಾ’ ಎಂಬ ಪ್ರದರ್ಶನ ನಡೆಯಿತು. ರಂಗದ ಮೇಲೆ ಅಬೊರಿಜಿನಲ್ ಮತ್ತು ಟಾರೆಸ್ ಜಲಸಂಧಿಯ ಕಲಾವಿದರು. ಶಾಸ್ತ್ರೀಯ ಗಾಯಕ ಹೆರಾಲ್ಡ್ ಬ್ಲೇರ್ ಹಾಡಿದರು, ಜಾರ್ಜಿಯಾ ಲೀ ಹಾಡಿದರು. ಮಲೋಗಾದ ನದಿದಡದ ಹಾಡಿನಿಂದ ಈ ರಂಗದವರೆಗಿನ ದಾರಿಯಲ್ಲಿ ಭಾರತೀಯ ಮೂಲದ ಒಬ್ಬ ಮಾಸ್ತರರ ಪಾಠವೂ ಇತ್ತಲ್ಲ, ಅದನ್ನು ಗಮನಿಸಿ. ಪ್ರತಿ ಮಾರ್ಚ್‌ನಲ್ಲಿ ನೀವು ರೈಡ್‌ಗಳಿಗೆ, ಪೆರೇಡ್‌ಗೆ ಹೋಗುವ ಮೂಂಬಾ ಹಬ್ಬ 1955ರಲ್ಲಿ ಶುರುವಾಯಿತು. ಅದಕ್ಕೆ ಆ ಹೆಸರು ಸೂಚಿಸಿದವರು ಬಿಲ್ ಓನಸ್ ಎನ್ನುತ್ತಾರೆ.

1953ರ ಕೊನೆಯಲ್ಲಿ ಜಾರ್ಜಿಯಾ ಲೀ ಇಂಗ್ಲೆಂಡಿಗೆ ಹೊರಟರು. ಆ ಕಾಲದ ಬ್ರಿಟನ್ನಿನ ದೊಡ್ಡ ಡ್ಯಾನ್ಸ್ ಆರ್ಕೆಸ್ಟ್ರಾಗಳಲ್ಲಿ ಒಂದಾದ ಜೆರಾಲ್ಡೊ ತಂಡದಲ್ಲಿ ಗಾಯಕಿಯಾದರು. ಕೇರ್ನ್ಸ್‌ನ ಹುಡುಗಿಗೆ ಅದು ಸಣ್ಣ ಮಾತಲ್ಲ. ಮರಳಿದ್ದು 1957ರಲ್ಲಿ. ನ್ಯಾಟ್ ಕಿಂಗ್ ಕೋಲ್ ಆಸ್ಟ್ರೇಲಿಯಾ ಪ್ರವಾಸಕ್ಕೆ ಬಂದಾಗ ಅವರ ಕಾರ್ಯಕ್ರಮದಲ್ಲಿ ಹಾಡುವ ಅವಕಾಶವೂ ಸಿಕ್ಕಿತು.

ಕೊನೆಗೆ 1962. ‘ಜಾರ್ಜಿಯಾ ಲೀ ಸಿಂಗ್ಸ್ ದ ಬ್ಲೂಸ್ ಡೌನ್ ಅಂಡರ್’. ಮೂಲನಿವಾಸಿ ಗಾಯಕಿಯೊಬ್ಬರ ಮೊದಲ ಎಲ್‌ಪಿ ಎಂದು ಇದನ್ನು ಗುರುತಿಸುತ್ತಾರೆ. ಸ್ಟೀರಿಯೊದಲ್ಲಿ ಧ್ವನಿಮುದ್ರಣ ಮಾಡಿದ ತೀರ ಮೊದಲ ಆಸ್ಟ್ರೇಲಿಯನ್ ಎಲ್‌ಪಿಗಳಲ್ಲೂ ಇದು ಒಂದು. ಅಮೆರಿಕದ ಹಾಡುಗಳ ಜೊತೆಗೆ ಇಲ್ಲಿನವೂ ಇವೆ: ‘ಡೌನ್ ಅಂಡರ್ ಬ್ಲೂಸ್’, ‘ಯಾರಾ ರಿವರ್ ಬ್ಲೂಸ್’. ಮಿಸಿಸಿಪ್ಪಿಯ ಹಾಡಿನ ಕಟ್ಟಿಗೆ ಮೆಲ್ಬರ್ನ್‌ನ ನದಿಯ ಹೆಸರು ಇಟ್ಟದ್ದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಬ್ಲೂಸ್ ಯಾವಾಗಲೂ ಊರಿನ ಹಾಡು. ಮೆಂಫಿಸ್, ಸೇಂಟ್ ಲೂಯಿ ಎಂದು ಊರಿನ ಹೆಸರು ಹಿಡಿದೇ ಅದು ಬೆಳೆಯಿತು. ಈ ಊರಿನಲ್ಲೂ ಬ್ಲೂಸ್ ಹಾಡಲು ಕಾರಣಗಳಿವೆ ಎಂದು ಆ ಹೆಸರು ಹೇಳುತ್ತದೆ. ನೆನಪಿರಲಿ, ಆಗಿನ್ನೂ 1967ರ ಜನಮತಗಣನೆ ನಡೆದಿರಲಿಲ್ಲ. ಜನಸಂಖ್ಯೆ ಲೆಕ್ಕ ಹಾಕುವಾಗ ಅಬೊರಿಜಿನಲ್ ಜನರನ್ನು ಸೇರಿಸಬಾರದು ಎಂಬ ಸಾಲು ದೇಶದ ಸಂವಿಧಾನದಲ್ಲಿ ಇನ್ನೂ ಇತ್ತು. ದೇಶದ ಜನಸಂಖ್ಯೆಯಲ್ಲಿ ತನ್ನ ತಾಯಿಯ ಕಡೆಯವರನ್ನು ಬಿಟ್ಟುಬಿಡಬಹುದಾದ ಕಾಲದಲ್ಲಿ ಒಬ್ಬ ಹೆಂಗಸು ಆ ದೇಶದ ಹೆಸರಿನಲ್ಲೇ ಬ್ಲೂಸ್ ಹಾಡಿದರು.

ಆ ಎಲ್‌ಪಿಯ ನಂತರ ಇನ್ನೊಂದು ಬರಲಿಲ್ಲ. ರಾಕ್ ಅಂಡ್ ರೋಲ್ ಕಾಲ ಬಂದಿತ್ತು. ಜಾರ್ಜಿಯಾ ಲೀ ರಂಗದಿಂದ ನಿಧಾನವಾಗಿ ಹಿಂದೆ ಸರಿದು ಕೊನೆಗೆ ಕೇರ್ನ್ಸ್‌ಗೆ ಮರಳಿದರು. ಸೋದರಿಯ ಮಗಳು ವಿಲ್ಮಾ ರೀಡಿಂಗ್ ಮಾತ್ರ ಅದೇ ದಾರಿಯಲ್ಲಿ ಮುಂದೆ ಹೋಗಿ ಡ್ಯೂಕ್ ಎಲಿಂಗ್ಟನ್ ಜೊತೆಗೂ ಹಾಡಿದರು. ಜಾರ್ಜಿಯಾ ಲೀ ಅವರ ರೆಕಾರ್ಡ್ ದಶಕಗಳ ಕಾಲ ಹಳೆಯ ಸಂಗ್ರಹಕಾರರ ಕಪಾಟಿನಲ್ಲಿ ಮಲಗಿತ್ತು. ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2007ರಲ್ಲಿ ‘ಸೌಂಡ್ಸ್ ಆಫ್ ಆಸ್ಟ್ರೇಲಿಯಾ’ ಎಂಬ ಪಟ್ಟಿ ಶುರುಮಾಡಿತು. ದೇಶ ಮರೆಯಬಾರದ ಧ್ವನಿಗಳ ಪಟ್ಟಿ ಅದು. ಅದರಲ್ಲಿ ಜಾರ್ಜಿಯಾ ಲೀ ಅವರ ಧ್ವನಿಯೂ ಸೇರಿತು. 2010ರಲ್ಲಿ ಅವರು ತೀರಿಕೊಂಡರು.

ಬ್ಲೂಸ್ ಅಲ್ಲಿಗೇ ನಿಲ್ಲಲಿಲ್ಲ. 1955ರಲ್ಲಿ ನೆದರ್‌ಲ್ಯಾಂಡ್ಸಿನಿಂದ ತಂದೆ ತಾಯಿಯ ಜೊತೆ ವಲಸೆ ಬಂದ ಒಬ್ಬ ಹುಡುಗ ಮೆಲ್ಬರ್ನ್‌ನ ಪಬ್‌ಗಳಲ್ಲಿ ಗಿಟಾರ್ ಹಿಡಿದು ಹಾಡುತ್ತ ಬೆಳೆದು ‘ಡಚ್’ ಟಿಲ್ಡರ್ಸ್ ಎಂದೇ ಹೆಸರಾದ. 1941ರಲ್ಲಿ ಹುಟ್ಟಿದ ಅವರ ಮೊದಲ ಎಲ್‌ಪಿ ಬಂದದ್ದು 1972ರಲ್ಲಿ. 2011ರಲ್ಲಿ ತೀರಿಕೊಳ್ಳುವವರೆಗೂ ಹಳೆಯ ಶೈಲಿಯ ಬ್ಲೂಸನ್ನು ಬಿಡಲಿಲ್ಲ. ವಲಸೆ ಬಂದವನಿಗೆ ಜನ ಇಟ್ಟ ಅಡ್ಡಹೆಸರೇ ಆತನ ಕಲೆಯ ಹೆಸರಾಯಿತು. ಸಿಡ್ನಿಯಲ್ಲಿ ಮಾರ್ಲೀನ್ ಕಮಿನ್ಸ್ ಎಂಬ ಅಬೊರಿಜಿನಲ್ ಕಲಾವಿದೆ ಸ್ಯಾಕ್ಸೊಫೋನ್ ನುಡಿಸುತ್ತ, ಹಾಡುತ್ತ, ಕೂರಿ ರೇಡಿಯೊದಲ್ಲಿ ಬ್ಲೂಸ್ ಕಾರ್ಯಕ್ರಮವನ್ನೂ ನಡೆಸಿದರು. ನಮ್ಮಂಥ ಸಣ್ಣ ರೇಡಿಯೊಗಳು ಏನು ಮಾಡಬಲ್ಲವು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ದೊಡ್ಡ ಸ್ಟೇಷನ್‌ಗಳು ಹಾಕದ ಹಾಡನ್ನು ಹಾಕುವುದು, ಹಾಡಿದವರ ಹೆಸರು ಹೇಳುವುದು.

ಹೆಸರು ಹೇಳುವುದು ಎಂದೆನಲ್ಲ, ಅಲ್ಲಿಂದ ನಮ್ಮ ಅಜ್ಜಿಯರ ಕಡೆಗೆ ಬರೋಣ. ಉತ್ತರ ಕರ್ನಾಟಕದ ಹೆಂಗಸರು ನಸುಕಿನಲ್ಲಿ ಎದ್ದು ಜೋಳ ಬೀಸುತ್ತ ಹಾಡಿದ್ದು ತ್ರಿಪದಿ. ಅಲ್ಲೂ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ದಾಟುತ್ತಾರೆ. ಬ್ಲೂಸ್‌ನಲ್ಲಿ ಮರುಕಳಿಸುವುದು ಮೊದಲ ಸಾಲು, ನಮ್ಮಲ್ಲಿ ಎರಡನೆಯದು. ಎರಡು ಕಡೆಯೂ ಆ ಮರುಕಳಿಕೆ ಹಾಡುವವರಿಗೆ ಮುಂದಿನ ಸಾಲು ಕಟ್ಟಲು ಒಂದು ಉಸಿರಿನ ಸಮಯ ಕೊಡುತ್ತದೆ. ಎರಡು ಕಡೆಯೂ ಕೈಯಲ್ಲಿ ಕೆಲಸ, ಬಾಯಲ್ಲಿ ಹಾಡು. ತವರಿನ ನೆನಪು, ಗಂಡನ ಮನೆಯ ಕಷ್ಟ, ಯಾರಿಗೂ ಹೇಳಲಾಗದ ಮಾತು ಕಲ್ಲಿನ ಮುಂದೆ ಹೊರಬರುತ್ತಿತ್ತು. 1931ರಲ್ಲಿ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ ‘ಗರತಿಯ ಹಾಡು’ ಎಂಬ ಪುಸ್ತಕ ತಂದರು. ಅದು ಬಾರದಿದ್ದರೆ ಎಷ್ಟೋ ಹಾಡುಗಳು ಹಿಟ್ಟಿನ ಗಿರಣಿ ಬಂದ ದಿನವೇ ಸತ್ತುಹೋಗುತ್ತಿದ್ದವು. ಆದರೆ ಹಾಡು ಉಳಿದರೂ ಅದನ್ನು ಮೊದಲು ಕಟ್ಟಿದ ಹೆಂಗಸು ಯಾರು ಎಂಬುದು ಉಳಿದಿಲ್ಲ.

ಹೆಸರು ಉಳಿದ ಉದಾಹರಣೆಯೂ ಇದೆ. ಬಳ್ಳಾರಿ ಸೀಮೆಯ ದರೋಜಿ ಈರಮ್ಮ ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು. ಓದು ಬರಹ ಬಾರದಿದ್ದರೂ ಗಂಟೆಗಟ್ಟಲೆ, ದಿನಗಟ್ಟಲೆ ಹಾಡುವ ಬುರ್ರಕಥೆಯ ಕಾವ್ಯಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ಹೋದರು. ಕೂತು ಕೇಳಿ ಬರೆದುಕೊಂಡವರು, ಟೇಪ್ ಮಾಡಿಕೊಂಡವರು ಇದ್ದದ್ದರಿಂದ ಅವರ ಹಾಡುಗಳು ಅವರ ಜೊತೆ ಹೋಗಲಿಲ್ಲ.

ಈಗ ನಿಮಗೆ ಒಂದು ಕೆಲಸ. ಜಾರ್ಜಿಯಾ ಲೀ ಅವರ ಹಾಡನ್ನು ಹುಡುಕಿ ಕೇಳಿ. ಮೆಲ್ಬರ್ನ್‌ನಲ್ಲಿದ್ದರೆ ಪ್ರಿನ್ಸೆಸ್ ಥಿಯೇಟರ್ ಮುಂದೆ ಹಾದು ಹೋಗುವಾಗ 1951ನ್ನು ನೆನೆಯಿರಿ. ಸಿಡ್ನಿಯಲ್ಲಿದ್ದರೆ ಸರ್ರಿ ಹಿಲ್ಸ್‌ನಲ್ಲಿ ಊಟಕ್ಕೆ ಹೋದಾಗ ಅಲ್ಲಿದ್ದ ಆ ಕ್ಲಬ್ಬನ್ನು ನೆನೆಯಿರಿ. ಆಮೇಲೆ ಊರಿನಿಂದ ಆರು ತಿಂಗಳ ವೀಸಾದ ಮೇಲೆ ಬಂದ ಅಜ್ಜಿಯೋ, ವಾಟ್ಸ್‌ಆ್ಯಪ್ ವಿಡಿಯೊದ ಆಚೆ ಇರುವ ದೊಡ್ಡಮ್ಮನೋ ಇದ್ದರೆ, “ಅಜ್ಜಿ, ನಿಮ್ಮಮ್ಮ ಕೆಲಸ ಮಾಡ್ತಾ ಏನು ಹಾಡ್ತಿದ್ರು?” ಅಂತ ಕೇಳಿ. ಮೊದಲು “ಅಯ್ಯೋ, ನನಗೆಲ್ಲಿ ಬರುತ್ತೆ ಹಾಡು” ಅಂತಾರೆ. ಬಿಡಬೇಡಿ, ಎರಡನೇ ಸಲ ಕೇಳಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಶುರುವಿನಲ್ಲೇ ಅವರ ಬಾಯಿಂದಲೇ ನಾಲ್ಕು ವಿಷಯ ಹೇಳಿಸಿ: ಪೂರ್ತಿ ಹೆಸರು, ಹುಟ್ಟಿದ ಊರು, ಹಾಡು ಕಲಿಸಿದವರು ಯಾರು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು. ದಿನಾಂಕ ನೀವು ಹೇಳಿ. ಫೈಲಿಗೆ ಅಜ್ಜಿಯ ಹೆಸರೇ ಇಡಿ, ಎರಡು ಕಡೆ ಉಳಿಸಿಕೊಳ್ಳಿ. ಪದದ ಅರ್ಥ ಆಗದಿದ್ದರೆ ಅಲ್ಲೇ ಕೇಳಿ ಬರೆದುಕೊಳ್ಳಿ.

ಡಲ್ಸಿ ಪಿಟ್ ಅವರ ಧ್ವನಿ 1962ರ ಒಂದು ಎಲ್‌ಪಿಯಿಂದಾಗಿ ನಮ್ಮವರೆಗೆ ಬಂತು. ನಿಮ್ಮ ಅಜ್ಜಿಗೆ ಎಲ್‌ಪಿ ತರುವ ಕಂಪನಿ ಇಲ್ಲ, ನೀವಿದ್ದೀರಿ. ರೆಕಾರ್ಡ್ ಮಾಡಿದ್ದನ್ನು ಕಳಿಸಿದರೆ ಹಾಡಿದವರ ಹೆಸರು, ಊರು ಹೇಳಿಯೇ ಪ್ರಸಾರ ಮಾಡುತ್ತೇವೆ.